ನಾಲ್ಕರಲ್ಲಿ ಒಂದು

ನನ್ನ ತಮ್ಮನಿಗೆ ಏಳು ವರ್ಷ. ನಡೆಯಲು, ಮಾತಾಡಲು ಬರುವುದಿಲ್ಲ. ಕಿವಿ ಮಂದ, ಕಣ್ಣು ಮಸುಕು. ಗೊಟಗೋಡಿಯ ನಮ್ಮ ಮನೆಗೆ ಬಂದವರಲ್ಲಿ ಕೆಲವರು ನಜರ್ ತಾಗಿದೆ ಎನ್ನುತ್ತಾರೆ. ಕೆಲವರು ಅಮ್ಮಿಯನ್ನೇ, "ಬಸುರಿದ್ದಾಗ ಏನು ತಿಂದಿದ್ದೆ?" ಎಂದು ಕೇಳುತ್ತಾರೆ. ಅಮ್ಮಿ ಸುಮ್ಮನಿರುತ್ತಾರೆ. ಉತ್ತರ ನಾನು ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಮ್ಯೂಕೋಪಾಲಿಸ್ಯಾಕರಿಡೋಸಿಸ್, ಚಿಕ್ಕದಾಗಿ ಎಂಪಿಎಸ್. ಇದರಲ್ಲಿ ಹಲವು ವಿಧಗಳಿವೆ, ತಮ್ಮನದು ಒಂದನೆಯದು. ಜೀವಕೋಶದಲ್ಲಿ ಹಳತಾದ ಸಕ್ಕರೆಯ ಸರಪಳಿಗಳನ್ನು ಕತ್ತರಿಸಲು ಕಿಣ್ವಗಳಿರುತ್ತವೆ. ಅವನಲ್ಲಿ ಅಂಥ ಒಂದು ಕಿಣ್ವವಿಲ್ಲ. ಆ ಕಸ ದಿನೇ ದಿನೇ ಸೇರಿಕೊಂಡು ಮೂಳೆ, ಹೃದಯ, ಕಣ್ಣು, ಮಿದುಳಿಗೆ ತೊಂದರೆ ಮಾಡುತ್ತದೆ. ಹುಟ್ಟಿದಾಗ ಏನೂ ಗೊತ್ತಾಗದೇ ಇರಲು ಇದೇ ಕಾರಣ.

ಈ ಕಿಣ್ವದ ವಂಶವಾಹಿ ನಮ್ಮಲ್ಲಿ ಎರಡೆರಡು ಇರುತ್ತವೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು, ಆರೋಗ್ಯವಾಗಿಯೇ ಇರುತ್ತಾರೆ. ಅಬ್ಬಾ, ಅಮ್ಮಿ ಇಬ್ಬರೂ ವಾಹಕರು. ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಮಾತ್ರ ಕಾಯಿಲೆ. ಪ್ರತಿ ಬಸಿರಿನಲ್ಲೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದು ಅರ್ಥವಲ್ಲ. ಅಬ್ಬಾ, ಅಮ್ಮಿ ಸಂಬಂಧಿಕರು. ಒಬ್ಬರೇ ಹಿರಿಯರಿಂದ ಬಂದ ಕೆಟ್ಟ ವಂಶವಾಹಿ ಇಬ್ಬರಲ್ಲೂ ಇರುವ ಸಾಧ್ಯತೆ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಸೋದರಮಾವನಿಗೆ ಕೊಡುವ ಮನೆಗಳಲ್ಲೂ ಇದೇ ಲೆಕ್ಕ.

ಕಾಮರ್ಸ್ ವಿದ್ಯಾರ್ಥಿಯಾಗಿ ಖರ್ಚನ್ನೂ ಹೇಳಬೇಕು. ಈ ಕಿಣ್ವವನ್ನು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಪ್ರಮಾಣ ತೂಕದ ಮೇಲೆ. ಮಗು ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ಆದರೂ ಆ ಔಷಧ ಮಿದುಳಿಗೆ ತಲುಪುವುದಿಲ್ಲ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಅದಕ್ಕೆ ಗುರುತಿಸಿದ ಆಸ್ಪತ್ರೆಗಳ ಮೂಲಕವೇ ಹೋಗಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅವುಗಳಲ್ಲೊಂದು. ಬಹುವಿಧ ಅಂಗವಿಕಲತೆ ಇರುವವರಿಗೆ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ.

ಯಾವ ಬಿಲ್ಲಿನಲ್ಲೂ ಬರದ ಖರ್ಚು ಅಮ್ಮಿಯದು. ಗಂಜಿ ಉಸಿರಿಗೆ ಸಿಕ್ಕದಂತೆ ಒಂದೊಂದೇ ಚಮಚ ತಿನ್ನಿಸಬೇಕು. ಒಂದು ಊಟಕ್ಕೆ ಒಂದು ಗಂಟೆ. ರಾತ್ರಿ ಅವನ ಉಸಿರು ಕಟ್ಟಿದರೆ ಮೊದಲು ಏಳುವವರೂ ಅವರೇ.

ಕಾಯಿಲೆ ಇಲ್ಲದ ನಾನು, ಅಕ್ಕ ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಕಳೆದ ತಿಂಗಳು ಖಾಲಾ ತಮ್ಮ ಮಗನಿಗೆ ಅಕ್ಕನನ್ನು ಕೇಳಿದರು. "ಮೊದಲು ಇಬ್ಬರದೂ ರಕ್ತ ಪರೀಕ್ಷೆ ಆಗಲಿ" ಎಂದಳು ಅಕ್ಕ. ಖಾಲಾಗೆ ಬೇಸರವಾಯಿತು. ಅಮ್ಮಿ ಮಾತ್ರ ಆ ದಿನ ಸುಮ್ಮನಿರಲಿಲ್ಲ: "ಅವಳು ಹೇಳಿದ್ದು ಸರಿ" ಎಂದರು.