ಹೃದಯ ಮತ್ತು ಎದೆಯ ಶಸ್ತ್ರವೈದ್ಯರ ಶಿಕ್ಷಣಪಥ: ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ದೃಷ್ಟಿಯಿಂದ

ವೈದ್ಯ ಪದವಿಯನ್ನೂ ಸಾಮಾನ್ಯ ಶಸ್ತ್ರವೈದ್ಯದ ಸ್ನಾತಕೋತ್ತರ ಪದವಿಯನ್ನೂ ಪಡೆದ ಮೇಲೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ಹಗಲಿರುಳು ದುಡಿಯುತ್ತ ಹೃದಯ ಹಾಗೂ ಎದೆಯ ಶಸ್ತ್ರಕ್ರಿಯೆಯನ್ನು ಕಲಿಯುವವರೇ ಈ ವಿಭಾಗದ ನಿವಾಸಿ ವೈದ್ಯರು. ಇವರ ಶಿಕ್ಷಣವು ಕೇವಲ ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೆಂದು ತೋರಬಹುದು. ಮೇಲ್ಕಂಡ ನಾಲ್ಕು ತಾಲೂಕುಗಳಲ್ಲಿ ನಿಂತು ನೋಡಿದರೆ, ಅದು ಗಡಿಗಳ ಮತ್ತು ದೂರದ ಇತಿಹಾಸವೂ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

ಬ್ರಿಟಿಷರ ಆಳಿಕೆಯಲ್ಲಿ ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರು ಸೀಮೆಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಜಿಲ್ಲೆಯಲ್ಲಿ ಆಧುನಿಕ ವೈದ್ಯ ಪದವಿಯ ಕಾಲೇಜು ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೨೪ರಲ್ಲಿಯೇ ವೈದ್ಯ ಕಾಲೇಜು ಸ್ಥಾಪಿತವಾಗಿದ್ದರೂ ಅದು ಬೇರೊಂದು ರಾಜ್ಯದ್ದು. ಆದುದರಿಂದ ವೈದ್ಯರಾಗಬಯಸುವವರ ದಾರಿ ಸಹಜವಾಗಿ ಉತ್ತರಕ್ಕೆ ಹೊರಳುತ್ತಿದ್ದಿತು. ೧೮೪೫ರಲ್ಲಿ ಆರಂಭವಾದ ಮುಂಬಯಿಯ ಗ್ರಾಂಟ್ ವೈದ್ಯ ಕಾಲೇಜೂ ೧೯೨೬ರ ಸೇಠ್ ಜಿ. ಎಸ್. ವೈದ್ಯ ಕಾಲೇಜೂ ಆ ದಾರಿಯ ಮುಖ್ಯ ನೆಲೆಗಳು.

ಎದೆಯ ಶಸ್ತ್ರವೈದ್ಯವು ಪ್ರತ್ಯೇಕ ಶಾಖೆಯಾಗಿ ಬೆಳೆದುದು ಬಹುಮಟ್ಟಿಗೆ ಕ್ಷಯರೋಗದ ಚಿಕಿತ್ಸೆಯಿಂದ. ಪುಪ್ಪುಸದ ಮೇಲೆ ಪಳಗಿದ ಕೈಗಳೇ ಮುಂದೆ ಹೃದಯವನ್ನು ಮುಟ್ಟಿದವು. ೧೯೫೩ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಹೃದಯ-ಪುಪ್ಪುಸ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಕ್ರಿಯೆಯನ್ನು ಸಫಲಗೊಳಿಸಿದರು. ಭಾರತದಲ್ಲಿ ರೀವ್ ಬೆಟ್ಸ್ ಅವರು ವೆಲ್ಲೂರಿನಲ್ಲಿ ಈ ವಿದ್ಯೆಗೆ ಗುರುಪೀಠವನ್ನು ಕಟ್ಟಿದರು. ಒಂದು ಕಾಲಕ್ಕೆ ನಮ್ಮ ಸೀಮೆಗೆ ರಾಜಧಾನಿಯಾಗಿದ್ದ ಮುಂಬಯಿಯಲ್ಲಿ, ೧೯೬೮ರಲ್ಲಿ, ಪ್ರಫುಲ್ಲಕುಮಾರ ಸೇನರು ದೇಶದ ಮೊದಲ ಹೃದಯ ಕಸಿಯನ್ನು ನಡೆಸಿದರು. ರೋಗಿ ಬದುಕಿದುದು ಕೆಲವೇ ಗಂಟೆ.

ಅಷ್ಟರಲ್ಲಿ ಗಡಿಗಳು ಬದಲಾಗಿದ್ದವು. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯ ಕಾಲೇಜು ತೆರೆಯಿತು. ರೈಲುಮಾರ್ಗವಿಲ್ಲದ ಹಾನಗಲ್ಲ, ಹಿರೇಕೆರೂರುಗಳಿಗೂ ಅದು ಒಂದು ದಿನದ ಪ್ರಯಾಣದೊಳಗಿನ ಊರು. ೧೯೯೭ರಲ್ಲಿ ಈ ನಾಲ್ಕು ತಾಲೂಕುಗಳು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ೨೦೨೨ರಲ್ಲಿ ಹಾವೇರಿಯಲ್ಲಿಯೇ ವೈದ್ಯ ಕಾಲೇಜು ಆರಂಭವಾಯಿತು. ಹೀಗೆ ಏಣಿಯ ಮೊದಲ ಮೆಟ್ಟಿಲು ಮನೆಯ ಬಾಗಿಲಿಗೆ ಬಂದಿತು.

ಆದರೆ ಏಣಿ ಉದ್ದವಾದುದು. ವೈದ್ಯ ಪದವಿಗೆ, ಆಸ್ಪತ್ರೆಯ ಕಡ್ಡಾಯ ಸೇವೆ ಸೇರಿ, ಐದೂವರೆ ವರ್ಷ, ಸಾಮಾನ್ಯ ಶಸ್ತ್ರವೈದ್ಯಕ್ಕೆ ಮೂರು, ಎಂ.ಸಿ.ಎಚ್. ಪದವಿಗೆ ಮತ್ತೆ ಮೂರು. ಈ ಕೊನೆಯ ಹಂತದಲ್ಲಿ ಕಾಲಿನ ರಕ್ತನಾಳವನ್ನು ಗಾಸಿಯಾಗದಂತೆ ಬಿಡಿಸುವುದು, ಎದೆಯ ಮೂಳೆಯನ್ನು ಸೀಳಿ ಮತ್ತೆ ತಂತಿಯಿಂದ ಬಿಗಿಯುವುದು, ರೋಗಿಯನ್ನು ಯಂತ್ರಕ್ಕೆ ಜೋಡಿಸುವುದು, ಎದೆಯೊಳಗೆ ಇಟ್ಟ ನಳಿಗೆಯಿಂದ ಹರಿವ ರಕ್ತವನ್ನು ರಾತ್ರಿಯೆಲ್ಲ ಕಾಯುವುದು—ಇವೆಲ್ಲ ಗುರುವಿನ ಕಣ್ಣೆದುರಿಗೇ ಕಲಿಯತಕ್ಕವು. ಗ್ರಂಥದಿಂದ ಮಾತ್ರ ಇವು ಕೈಗೆ ಹತ್ತಲಾರವು. ಅಂಥ ಶಿಕ್ಷಣಕ್ಕೆ ಬೆಂಗಳೂರಿನ ಜಯದೇವ ಸಂಸ್ಥೆಯಂಥ ದೊಡ್ಡ ಕೇಂದ್ರಗಳನ್ನೇ ಆಶ್ರಯಿಸಬೇಕು.

ಇಲ್ಲಿ ಒಂದು ಅಂಶವು ವಿಚಾರಾರ್ಹವಾಗಿದೆ. ವೈದ್ಯ ಪದವಿಯ ಪ್ರವೇಶದಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ಕರ್ನಾಟಕದಲ್ಲಿ ಮೀಸಲಾತಿಯುಂಟು, ಎಂ.ಸಿ.ಎಚ್. ಪ್ರವೇಶದಲ್ಲಿ ಅಂಥದು ಇಲ್ಲ. ಇಷ್ಟನ್ನು ದಾಟುವ ಹೊತ್ತಿಗೆ ವಯಸ್ಸು ಮೂವತ್ತನ್ನು ಸಮೀಪಿಸಿರುತ್ತದೆ. ಮಳೆಯನ್ನೇ ನೆಚ್ಚಿದ ಒಕ್ಕಲುಮನೆಯು ಮಗನ ಅಥವಾ ಮಗಳ ಗಳಿಕೆಗಾಗಿ ಅಷ್ಟು ಕಾಲ ಕಾಯಬಲ್ಲುದೇ? ಮುಖ್ಯವಾಗಿ ಬಡತನದ, ಇಕ್ಕಟ್ಟಾದ ವಸತಿಯ ಮಕ್ಕಳನ್ನು ಕಾಡುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಆ ರೋಗಿಗಳ ಮಾತನ್ನೂ ಮನೆಯನ್ನೂ ಬಲ್ಲ ಶಸ್ತ್ರವೈದ್ಯರು ಅವರ ಸೀಮೆಯಿಂದಲೇ ಬರುವರೋ ಇಲ್ಲವೋ ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಗಡಿಯ ತೊಡಕು ೧೯೫೬ರಲ್ಲಿ ನೀಗಿತು. ಕಾಲದ ಮತ್ತು ವೆಚ್ಚದ ತೊಡಕು ಇನ್ನೂ ಉಳಿದಿದೆ.