ಸಸಿಗಳಿಗೆ ದೀಪದ ಬೆಳಕು: ಎಲ್ಲಿ ಬೇಕು, ಎಲ್ಲಿ ಬೇಡ

ಕರ್ನಾಟಕದ ಹಲವು ಕಡೆಗಳಲ್ಲಿ ಸೇವಂತಿಗೆಯ ಹೊಲಗಳಲ್ಲಿ ರಾತ್ರಿಯೆಲ್ಲ ಸಾಲುಸಾಲಾಗಿ ವಿದ್ಯುದ್ದೀಪಗಳು ಉರಿಯುವುದುಂಟು. ಇದನ್ನು ಕಂಡ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಿಡುವಳಿದಾರರಿಗೆ, ಟೊಮೇಟೊ, ಎಲೆಕೋಸು, ಚೆಂಡುಹೂವುಗಳ ಸಸಿಗಳನ್ನೂ ಮನೆಯೊಳಗೆ ದೀಪದಡಿಯಲ್ಲಿ ಏಕೆ ಬೆಳೆಸಬಾರದೆಂಬ ಯೋಚನೆ ಬರುವುದು ಸಹಜವೇ. ಪೇಟೆಯಲ್ಲಿ ಇದಕ್ಕೆಂದೇ ನೇರಳೆ ಬಣ್ಣದ ದೀಪಗಳೂ ದೊರೆಯುತ್ತವೆ. ಆದರೆ ಹಣ ತೆರುವ ಮುನ್ನ ಸೇವಂತಿಗೆಗೆ ಬೇಕಾದ ಬೆಳಕಿಗೂ ಸಸಿಗೆ ಬೇಕಾದ ಬೆಳಕಿಗೂ ಇರುವ ಭೇದವನ್ನು ತಿಳಿಯುವುದು ಅವಶ್ಯವಾಗಿದೆ.

ಸೇವಂತಿಗೆಯು ರಾತ್ರಿ ದೀರ್ಘವಾದಾಗ ಹೂ ಬಿಡುವ ಗಿಡ. ಹಗಲಿರುಳುಗಳ ಪ್ರಮಾಣಕ್ಕೂ ಹೂವಿಗೂ ಇರುವ ಸಂಬಂಧವನ್ನು ಅಮೆರಿಕಾದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಪಡಿಸಿದರು. ನಡುರಾತ್ರಿಯ ಸುಮಾರಿಗೆ ಕೆಲವು ಗಂಟೆಗಳ ಕಾಲ ನೂರು ಲಕ್ಸ್‌ನಷ್ಟು ಮಂದವಾದ ಬೆಳಕು ಬಿದ್ದರೂ ಸಾಕು, ಗಿಡವು ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುತ್ತದೆ. ಇಲ್ಲಿ ಬೆಳಕು ಗಡಿಯಾರದ ಕೆಲಸವನ್ನು ಮಾಡುತ್ತದೆ. ಸಸಿಗಾದರೋ ಬೆಳಕೇ ಆಹಾರ. ಆಹಾರವೆಂದ ಮೇಲೆ ಪ್ರಮಾಣದ ಪ್ರಶ್ನೆ ಬಂದೇ ಬರುತ್ತದೆ.

ನೆತ್ತಿಯ ಮೇಲಿನ ಸೂರ್ಯನಿಂದ ನೆಲಕ್ಕೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ರಾತ್ರಿ ದೀಪ ಹಚ್ಚಿದ ನಡುಮನೆಯಲ್ಲಿ ಇರುವುದು ನೂರಿನ್ನೂರು ಮಾತ್ರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರವು ತೋರದು. ಸಸಿಗೆ ಮಾತ್ರ ತೋರುತ್ತದೆ. ದೀಪದಲ್ಲಿಯೇ ಗಟ್ಟಿಯಾದ ಸಸಿ ಬೇಕಾದರೆ ಸುಮಾರು 10,000 ಲಕ್ಸ್ ಬೆಳಕನ್ನು ದಿನಕ್ಕೆ 14ರಿಂದ 16 ಗಂಟೆ ಕೊಡತಕ್ಕದ್ದು.

ಇದರ ಖರ್ಚನ್ನು ಯಾರಾದರೂ ಲೆಕ್ಕಹಾಕಬಹುದು. ಒಳ್ಳೆಯ ಎಲ್‌ಇಡಿ ದೀಪವು ಒಂದು ವಾಟ್‌ಗೆ ಸುಮಾರು 100 ಲೂಮೆನ್ ಬೆಳಕು ಕೊಡುತ್ತದೆ. ಒಂದು ಚದರ ಮೀಟರಿಗೆ 10,000 ಲಕ್ಸ್ ಬೀಳಬೇಕಾದರೆ, ಬೆಳಕು ಸ್ವಲ್ಪವೂ ಪೋಲಾಗದಿದ್ದರೂ 100 ವಾಟ್ ಬೇಕು. 98 ಕುಳಿಗಳ ಆರು ಟ್ರೇಗಳು ಆ ಜಾಗದಲ್ಲಿ ಹಿಡಿಯುತ್ತವೆ. ಎಂದರೆ ಸುಮಾರು 590 ಸಸಿಗಳು. 90ಕ್ಕೆ 60 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಎಕರೆ ಟೊಮೇಟೊಗೆ ಸುಮಾರು 7,500 ಸಸಿಗಳು ಬೇಕು. ಹದಿಮೂರು ಚದರ ಮೀಟರು, 1,300 ವಾಟ್, ದಿನಕ್ಕೆ 16 ಗಂಟೆ: ಇಪ್ಪತ್ತು ದಿನಗಳಿಗೆ 416 ಯೂನಿಟ್ ವಿದ್ಯುತ್ತಾಯಿತು. ದೀಪಗಳ ಬೆಲೆ ಬೇರೆ. ಹೊರಗೆ ಸೂರ್ಯನು ಇದಕ್ಕೆ ಹಲವು ಪಟ್ಟು ಬೆಳಕನ್ನು ಪುಕ್ಕಟೆಯಾಗಿ ಕೊಡುತ್ತಿರುವಾಗ ಈ ವೆಚ್ಚವು ಯಾವ ಲಾಭಕ್ಕೆಂದು ಯಜಮಾನರು ಕೇಳಿಕೊಳ್ಳಬೇಕು. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಕಿರಿದಾಗುವುದರಿಂದ ಅಲ್ಲಿ ದೀಪವು ಅನಿವಾರ್ಯ. ನಮ್ಮ ಸೀಮೆಯಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆಗೆ ಮೀರಿರುತ್ತದೆ.

ಜಿಲ್ಲೆಯ ಬಾಳೆಯ ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಸಸಿಗಳು ಪ್ರಯೋಗಾಲಯದಲ್ಲಿ ದೀಪದ ಬೆಳಕಿನಲ್ಲಿಯೇ ಹುಟ್ಟುವುದು ನಿಜ. ಆದರೆ ಅಲ್ಲಿ ಸಕ್ಕರೆಯುಳ್ಳ ಪೋಷಕ ದ್ರವ್ಯವೇ ಸಸಿಯನ್ನು ಸಾಕುತ್ತದೆ. ಬಾಟಲಿಯಿಂದ ಹೊರಬಂದೊಡನೆ ಅದನ್ನೂ ನೆರಳುಮನೆಯ ಬಿಸಿಲಿಗೇ ಒಡ್ಡಿ ಪಳಗಿಸುತ್ತಾರೆ.

ಹಿತ್ತಲಿಗೆ ಬೇಕಾದ ನಾಲ್ಕು ಟ್ರೇಗಳನ್ನು ಮಾತ್ರ ಒಳಗೆ ಬೆಳೆಸಬೇಕೆಂಬವರು ಸಾಧಾರಣವಾದ ಬಿಳಿಯ ಎಲ್‌ಇಡಿ ಪಟ್ಟಿಗಳನ್ನೇ ಕೊಳ್ಳುವುದು ಲೇಸು. ಬಿಳಿಯ ಬೆಳಕಿನಲ್ಲಿ ಸಸಿಗೆ ಬೇಕಾದ ಕೆಂಪು, ನೀಲಿಗಳೆರಡೂ ಇವೆ. ನೇರಳೆ ಬೆಳಕಿನಲ್ಲಾದರೋ ಎಲೆ ಹಳದಿಯಾದುದೂ ರೋಗದ ಚುಕ್ಕೆ ಬಿದ್ದುದೂ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆಯ ಮೇಲೆ ವಾಟ್‌ಗಿಂತ ಲೂಮೆನ್ ಸಂಖ್ಯೆಯನ್ನು ನೋಡತಕ್ಕದ್ದು. ಹಳೆಯ ತಂತಿಯ ಬಲ್ಬು ಸರ್ವಥಾ ಕೂಡದು. ಅದು ಕೊಡುವುದು ಹೆಚ್ಚಾಗಿ ಶಾಖವನ್ನೇ. ದೀಪವನ್ನು ಸಸಿಯ ತುದಿಯಿಂದ ಒಂದು ಗೇಣು ಮೇಲೆ ತೂಗುಹಾಕಿ, ಸಸಿ ಬೆಳೆದಂತೆ ಮೇಲಕ್ಕೆತ್ತುತ್ತಿರಬೇಕು.

ಮಿಕ್ಕವರಿಗೆ ಶೇಕಡ 50ರ ನೆರಳು ಪರದೆಯೇ ಸಾಕು. ಅಲ್ಲಿ ಸಸಿ ಕೆಡುವುದು ಬಹುಮಟ್ಟಿಗೆ ಎರಡು ಸಂದರ್ಭಗಳಲ್ಲಿ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದಿಟ್ಟು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವ ಪದ್ಧತಿಯುಂಟಷ್ಟೆ. ಮೂರನೆಯ ದಿನದಿಂದಲೇ ತೆರೆದು ನೋಡಿ, ಮೊಳಕೆ ಮೇಲೆದ್ದೊಡನೆ ಬಿಡಿಸಿಡಬೇಕು. ಒಂದು ದಿನ ತಡವಾದರೂ ಕತ್ತಲೆಯಲ್ಲಿ ಕಾಂಡವು ದಾರದಂತೆ ನೀಳವಾಗಿ ಬಾಗುತ್ತದೆ. ಅಂತಹ ಸಸಿ ಮತ್ತೆ ಗಟ್ಟಿಯಾಗುವುದು ಅಪರೂಪ. ಎರಡನೆಯದು ಮುಂಗಾರಿನ ಮೋಡದ ದಿನಗಳು. ಗೋಪಾಲಸ್ವಾಮಿ ಬೆಟ್ಟವನ್ನು ಮಂಜು ಮುಸುಕಿದ ಆ ಕಾಲದಲ್ಲಿ ಮೋಡವೇ ಬೆಳಕಿನ ಬಹುಭಾಗವನ್ನು ತಡೆದಿರುತ್ತದೆ. ಅದರ ಮೇಲೆ ಪರದೆಯೂ ಅರ್ಧವನ್ನು ತಡೆದರೆ ಸಸಿ ಹಸಿವಿನಿಂದ ಬಿಳಿಚುತ್ತದೆ. ಆದಕಾರಣ ಪರದೆಯನ್ನು ಕಂಬಕ್ಕೆ ಬಿಗಿದುಬಿಡದೆ, ಸರಿಸಲು ಬರುವಂತೆ ಉಂಗುರಗಳಲ್ಲಿ ಕಟ್ಟಿಸಬೇಕು. ಮೋಡವಿದ್ದಾಗ ಸರಿಸುವುದು, ಬಿಸಿಲೇರಿದಾಗ ಎಳೆಯುವುದು. ನಾಟಿಗೆ ಒಂದು ವಾರ ಮುಂಚಿನಿಂದ ಬೆಳಗಿನ ಬಿಸಿಲಿಗೆ ಮೊದಲು ಒಂದೆರಡು ಗಂಟೆ, ಬಳಿಕ ಇಡೀ ದಿನ ತೆರೆದಿಟ್ಟು, ನೀರನ್ನೂ ಕೊಂಚ ಕಡಿಮೆ ಮಾಡಿ, ಮೋಡದ ದಿನ ಅಥವಾ ಸಂಜೆಯ ಹೊತ್ತು ಹೊಲಕ್ಕೆ ಒಯ್ಯತಕ್ಕದ್ದು.