ಕಾಲಡಿಯ ಮರ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹಳಗನ್ನಡದ ಪಾಠ ಹೇಳಿದವನು ಮನೆಯ ನೆಲಹಾಸಿನ ವಿಷಯ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನನಗೂ ಬಂದಿತ್ತು. ಆದರೆ ಶಿವಮೊಗ್ಗೆಯ ನಮ್ಮ ಮನೆಯ ಒಂದೇ ಒಂದು ಕೋಣೆಗೆ ಮರದ ನೆಲ ಹಾಸಿಸಲು ಹೋಗಿ ನಾನು ಕಲಿತದ್ದು, ತಪ್ಪಿದ್ದು, ದಂಡ ತೆತ್ತದ್ದು ಸಾಕಷ್ಟಿದೆ. ಅದೇ ದಾರಿಯಲ್ಲಿ ಹೊರಟವರಿಗೆ ಈ ಮಾತುಗಳು ಉಪಯೋಗಕ್ಕೆ ಬಂದಾವೆಂದು ನಂಬಿದ್ದೇನೆ.

ಕಾರಣ ಶೋಕಿಯಲ್ಲ. ನನ್ನ ಹೆಂಡತಿಗೆ ಸಂಧಿವಾತ. ಮನೆಗೆಲ್ಲ ಹಾಸಿದ್ದು ಗ್ರಾನೈಟು. ಮಾಗಿಯ ಬೆಳಗುಗಳಲ್ಲಿ ಮಂಚದಿಂದ ಕಾಲಿಳಿಸುವುದೇ ಅವಳಿಗೆ ಶಿಕ್ಷೆ. ಒಂದೇ ಕೋಣೆಯಲ್ಲಿರುವ ಕಲ್ಲಿಗೂ ಮರಕ್ಕೂ ಉಷ್ಣಮಾಪಕವಿಟ್ಟು ನೋಡಿದರೆ ಭೇದವೇನೂ ಕಾಣದು; ಭೇದವಿರುವುದು ಪಾದದ ಬಿಸಿಯನ್ನು ಅವು ಸೆಳೆದೊಯ್ಯುವ ವೇಗದಲ್ಲಿ. ಗ್ರಾನೈಟು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸರಾಗವಾಗಿ ಶಾಖವನ್ನು ಸಾಗಿಸುತ್ತದೆ. ನಾವು ತಣ್ಣಗಿದೆ ಎನ್ನುವುದು ಕಲ್ಲನ್ನಲ್ಲ, ಅದು ನಮ್ಮಿಂದ ಕಸಿದ ಬಿಸಿಯನ್ನು. ಮಲಗುವ ಕೋಣೆಗಾದರೂ ಮರ ಹಾಸಿಸೋಣವೆಂದು ನಾನೆಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ನೀರು ಕಾಣದ ನೆಲ ಚೊಕ್ಕಟ ಹೇಗಾದೀತು?” ಆಗ ಅದನ್ನು ನಾನು ಹಗುರವಾಗಿ ತೆಗೆದುಕೊಂಡೆ. ಇಡೀ ವಿಷಯದ ಗಂಟು ಇದ್ದದ್ದು ಆ ಮಾತಿನಲ್ಲೇ.

ತೀರ್ಥಹಳ್ಳಿ ಸೀಮೆಯ ನಮ್ಮ ಹಿರಿಯರ ಮನೆಯ ಉಪ್ಪರಿಗೆಗೆ ಹಲಸಿನ ಹಲಗೆ ಹಾಸಿತ್ತು. ಬೇಸಗೆಯಲ್ಲಿ ಹಲಗೆ ಹಲಗೆಗಳ ನಡುವೆ ಸಂದು ಬಿಡುತ್ತಿತ್ತು. ಮೇಲೆ ಉರುಳಿದ ನಾಲ್ಕಾಣೆಯ ಬಿಲ್ಲೆ ಕೆಳಗೆ ಅಡಿಗೆಮನೆಯಲ್ಲಿ ಸಿಗುತ್ತಿತ್ತು. ಆರಿದ್ರೆ ಮಳೆ ಹಿಡಿಯಿತೆಂದರೆ ಅದೇ ಹಲಗೆಗಳು ಒಂದನ್ನೊಂದು ಒತ್ತಿ ನಡೆದಲ್ಲೆಲ್ಲ ಕಿರುಗುಟ್ಟುತ್ತಿದ್ದವು. ಕಡಿದು, ಕೊಯ್ದು, ಒಣಗಿಸಿ, ಮೊಳೆ ಹೊಡೆದ ಮೇಲೂ ಮರ ನೀರಿನ ನಂಟನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿ ಉಬ್ಬುತ್ತದೆ, ಕಡಮೆಯಾದರೆ ಬಿಟ್ಟುಕೊಟ್ಟು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ: ನಾರಿನ ಉದ್ದಕ್ಕೆ ಅದು ಅಲುಗುವುದು ಇಲ್ಲವೆನ್ನುವಷ್ಟು ಕಡಮೆ, ಅಲುಗುವುದೆಲ್ಲ ಅಗಲಕ್ಕೆ.

ಇಂಗ್ಲಿಷಿನವರು ಎಂಜಿನಿಯರ್ಡ್ ವುಡ್ ಎನ್ನುವ ಹಲಗೆ ಹುಟ್ಟಿದ್ದು ಈ ಒಂದು ಭೇದವನ್ನು ಹಿಡಿದು. ಇದಕ್ಕೆ ಕನ್ನಡದಲ್ಲಿ ಒಪ್ಪಿತವಾದ ಹೆಸರಿಲ್ಲ. ನಾನು ‘ಪದರಮರ’ ಎಂದು ಕರೆಯುತ್ತೇನೆ, ಬೇರೆ ಒಳ್ಳೆಯದು ಸಿಕ್ಕರೆ ಬಿಟ್ಟುಕೊಡಲು ಸಿದ್ಧ. ಕೆಳಗೆ ತೆಳು ಪದರಗಳು, ಒಂದರ ನಾರು ಉದ್ದಕ್ಕಿದ್ದರೆ ಅದರ ಮೇಲಿನದರ ನಾರು ಅಡ್ಡಕ್ಕೆ; ಎಲ್ಲಕ್ಕೂ ಮೇಲೆ ನಮ್ಮ ಕಾಲಿಗೂ ಕಣ್ಣಿಗೂ ಸಿಗುವ ಓಕ್ ಅಥವಾ ತೇಗದಂಥ ಒಳ್ಳೆಯ ಮರದ ಹೊದಿಕೆ. ಒಂದು ಪದರ ಅಗಲಕ್ಕೆ ಉಬ್ಬಲು ಹೊರಟರೆ ಅಡ್ಡ ಮಲಗಿದ ಪಕ್ಕದ ಪದರ ಅದನ್ನು ಹಿಡಿದುಕೊಳ್ಳುತ್ತದೆ. ಸ್ವೀಡನ್ನಿನ ಗುಸ್ತಾಫ್ ಕೇರ್ ಎಂಬಾತ ಇಂಥ ಬಹುಪದರದ ನೆಲಹಲಗೆಗೆ ೧೯೪೧ರಲ್ಲಿ ಪೇಟೆಂಟು ಪಡೆದ. ಚಳಿಗಾಲದಲ್ಲಿ ಮನೆಯೊಳಗೆ ಬೆಂಕಿ ಕಾಯಿಸಿ ಗಾಳಿ ಒಣಗಿ, ಹಲಗೆ ಬಿರಿಯುವ ದೇಶದವನಿಗೆ ಇದು ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದನ್ನು ಮಾತ್ರ ಮರೆಯಬಾರದು. ಈ ಉಪಾಯ ಮರದ ಅಲುಗಾಟವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಮೇಲಿನ ಹೊದಿಕೆ ಅಪ್ಪಟ ಮರವೇ. ನೀರು ನಿಂತರೆ ಅದು ಮರದಂತೆಯೇ ನಡೆದುಕೊಳ್ಳುತ್ತದೆ.

ಕೊಳ್ಳಲು ಹೊರಟಾಗ ಮೊದಲ ಅಂಗಡಿಯಲ್ಲೇ ಮೋಸಹೋಗುವವನಿದ್ದೆ. ಮರವೆಂದು ಹೇಳಿ ಹತ್ತು ಹಲಗೆಗಳನ್ನು ಸಾಲಾಗಿ ಹರವಿದರು. ಬಹಳ ಚೆಂದ ಕಂಡವು. ಆದರೆ ಮೂರನೆಯ ಹಲಗೆಯಲ್ಲಿದ್ದ ಗಂಟು ಎಂಟನೆಯದರಲ್ಲೂ ಅದೇ ಎಡೆಯಲ್ಲಿ, ಅದೇ ಆಕಾರದಲ್ಲಿತ್ತು. ಓಲೆಗರಿಗಳನ್ನು ಹೋಲಿಸಿ ನೋಡುವ ಅಭ್ಯಾಸ ಇಲ್ಲಿ ಕೈಹಿಡಿಯಿತು. ಕೈಬರಹದ ಎರಡು ಪ್ರತಿಗಳು ಎಂದೂ ಪಡಿಯಚ್ಚಾಗಿರುವುದಿಲ್ಲ. ಹಾಗಿದ್ದರೆ ಅದು ಮುದ್ರಣ. ಇದೂ ಮುದ್ರಣವೇ ಆಗಿತ್ತು: ಒತ್ತಿ ಮಾಡಿದ ಮರದ ಹುಡಿಯ ಹಲಗೆ, ಅದರ ಮೇಲೆ ಮರದ ಚಿತ್ರವಿರುವ ಕಾಗದ, ಅದಕ್ಕೊಂದು ಗಟ್ಟಿ ಲೇಪ. ಇದರ ಹೆಸರು ಲ್ಯಾಮಿನೇಟ್. ಅದೇನೂ ಹೀನ ವಸ್ತುವಲ್ಲ. ಬೆಲೆ ಕಡಮೆ, ಗೀರು ತಡೆಯುವುದರಲ್ಲಿ ಮರಕ್ಕಿಂತ ಗಟ್ಟಿ. ಆದರೆ ಸವೆದರೆ ಉಜ್ಜಿ ಹೊಸದು ಮಾಡಲಾಗುವುದಿಲ್ಲ, ಒಳಗಿನ ಹುಡಿ ಒಮ್ಮೆ ನೀರು ಕುಡಿದು ಊದಿಕೊಂಡರೆ ಮತ್ತೆ ಇಳಿಯುವುದೂ ಅಪರೂಪ. ಅದನ್ನು ಅದರ ಹೆಸರಿನಿಂದಲೇ ಮಾರಿದ್ದರೆ ನನ್ನ ತಕರಾರಿರಲಿಲ್ಲ.

ಆದುದರಿಂದ ಹಲಗೆಯ ಮೋರೆಯನ್ನಲ್ಲ, ಅಡ್ಡಕೊಯ್ತವನ್ನು ನೋಡಬೇಕು. ಪದರಗಳೂ ಮೇಲ್ಹೊದಿಕೆಯ ದಪ್ಪವೂ ಅಲ್ಲಿ ಬಯಲಾಗುತ್ತವೆ. ಒಟ್ಟು ದಪ್ಪ ಹದಿನಾಲ್ಕು ಹದಿನೈದು ಮಿಲಿಮೀಟರ್ ಇರುವುದು ಸಾಮಾನ್ಯ. ಅದರಲ್ಲಿ ಮೇಲ್ಹೊದಿಕೆ ೧ ಮಿಲಿಮೀಟರಿಗಿಂತ ಕಡಮೆ ಇರುವುದೂ ಉಂಟು, ೬ ಇರುವುದೂ ಉಂಟು. ಬೆಲೆಯ ಏರಿಳಿತದ ಗುಟ್ಟಿನಲ್ಲಿ ಬಹುಪಾಲು ಇದೇ. ೩ ಅಥವಾ ೪ ಮಿಲಿಮೀಟರ್ ಇದ್ದರೆ ವರ್ಷಗಳ ಮೇಲೆ ಒಂದೆರಡು ಸಲ ಉಜ್ಜಿಸಿ ಹೊಸದಾಗಿ ಮೆರುಗು ಕೊಡಿಸಬಹುದು. ೧ ಮಿಲಿಮೀಟರಿನದನ್ನು ಉಜ್ಜಿದರೆ ಅಡಿಯ ಪದರವೇ ಹಲ್ಲುಕಿರಿಯುತ್ತದೆ. ನಾನು ೩ ಮಿಲಿಮೀಟರ್ ತೇಗ ಆರಿಸಿದೆ. ತೇಗ ಓಕಿಗಿಂತ ತುಸು ಮೆದು, ಮಂಚದ ಕಾಲು ಎಳೆದರೆ ಬೇಗ ಗೀರು ಬೀಳುತ್ತದೆ. ಆದರೆ ತೇವಕ್ಕೆ ಓಕಿನಷ್ಟು ಉಬ್ಬುವುದಿಲ್ಲ. ಮಲೆನಾಡಿನ ಅಂಚಿನಲ್ಲಿರುವವನಿಗೆ ಈ ಗುಣವೇ ಮುಖ್ಯ. ಪದರಗಳನ್ನು ಕೂಡಿಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸೂಸುವುದುಂಟು. ‘ಇ-೧’ ಎಂಬ ಗುರುತು ಅದು ಒಂದು ಮಿತಿಯೊಳಗಿದೆ ಎಂಬುದರ ಸೂಚನೆ. ಕಿಟಕಿ ಮುಚ್ಚಿ ಮಲಗುವ ಕೋಣೆಗೆ ಅದನ್ನು ಕೇಳದೆ ಕೊಳ್ಳಬಾರದು.

ಹಾಸುವ ಮೊದಲು ಅಡಿಯ ನೆಲ ಒಣಗಿದೆಯೇ ಎಂಬುದು ತಿಳಿಯಬೇಕು. ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕಂಚಿಗೂ ಅಂಟುಪಟ್ಟಿ ಹಾಕಿ ನೆಲಕ್ಕೆ ಬಿಗಿದು ಒಂದು ಹಗಲು, ಒಂದು ರಾತ್ರಿ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೆಲದೊಳಗೆ ತೇವವಿದೆ. ಅದರ ಮೂಲವನ್ನು ಸರಿಪಡಿಸದೆ ಮುಂದುವರಿಯಬೇಡಿ. ಗೆದ್ದಲ ಜಾಡು ಕಂಡರೆ ಅದಕ್ಕೂ ಮೊದಲೇ ಔಷಧ. ನಮ್ಮದು ನೆಲ ಅಂತಸ್ತಾದ್ದರಿಂದ ತೇವ ತಡೆಯುವ ಹಾಳೆಯನ್ನು ಹಾಸಿ, ಮೇಲೆ ತೆಳುವಾದ ಮೆತ್ತೆ, ಅದರ ಮೇಲೆ ಹಲಗೆ. ಹಲಗೆಗಳು ಒಂದರ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಕೂತು ಹಿಡಿದುಕೊಳ್ಳುತ್ತವೆಯೇ ಹೊರತು ನೆಲಕ್ಕೆ ಅಂಟಿರುವುದಿಲ್ಲ. ಹಾಸುವ ಮುನ್ನ ಎರಡು ಮೂರು ದಿನ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಮಲಗಿಸಬೇಕು, ಹೊಸ ಸೊಸೆಗೆ ಮನೆಯ ಹವೆ ಒಗ್ಗುವಂತೆ. ಗೋಡೆಯ ಸುತ್ತ ಸುಮಾರು ೧೦ ಮಿಲಿಮೀಟರ್ ತೆರಪು ಬಿಡುವುದನ್ನಂತೂ ತಪ್ಪಿಸಲೇಬಾರದು. ನಮ್ಮ ಬಡಗಿ ಇದಕ್ಕೆ ಒಪ್ಪಲೊಲ್ಲ. ಸಂದು ಬಿಡುವುದು ಕೆಲಸ ಬಾರದವರ ಲಕ್ಷಣವೆಂದು ವಾದಿಸಿದ. ಉಪ್ಪರಿಗೆಯ ನಾಲ್ಕಾಣೆಯ ಕಥೆ ಹೇಳಿ ಒಪ್ಪಿಸಿದೆ. ಮಳೆಗಾಲದಲ್ಲಿ ಉಬ್ಬುವ ನೆಲಕ್ಕೆ ಹೋಗಲು ಎಡೆಯಿರಬೇಕು. ಇಲ್ಲದಿದ್ದರೆ ಅದು ನಡುವೆ ಗುಡ್ಡವೇಳುತ್ತದೆ. ಆ ತೆರಪನ್ನು ಗೋಡೆಯಂಚಿನ ಪಟ್ಟಿ ಮರೆಮಾಡುತ್ತದೆ. ಬಾಗಿಲಿನ ಅಡಿ ಹೆರೆಸುವುದು ಮಾತ್ರ ನಮಗೆ ಹೊಳೆಯದೆ ಹೋಗಿ, ಕೆಲಸ ಮುಗಿದ ಸಂಜೆ ಕೋಣೆಯ ಬಾಗಿಲು ಮುಚ್ಚಲಾಗಲಿಲ್ಲ.

ಇನ್ನು ಆರೈಕೆ. ಕನ್ನಡದಲ್ಲಿ ನೆಲಕ್ಕೆ ನಾವು ಮಾಡುವ ಉಪಚಾರದ ಕ್ರಿಯಾಪದಗಳನ್ನು ನೆನೆದು ನೋಡಿ: ಗುಡಿಸು, ಸಾರಿಸು, ತೊಳೆ, ಒರೆಸು. ನಾಲ್ಕರಲ್ಲಿ ಮೂರು ನೀರಿನವು. ಮಣ್ಣಿನ ನೆಲಕ್ಕೆ, ಕಲ್ಲಿನ ನೆಲಕ್ಕೆ ತಲೆತಲಾಂತರ ಮಾಡಿದ ಶುಶ್ರೂಷೆ ನಮ್ಮ ಮಾತಿನೊಳಗೇ ಕೂತಿದೆ. ಮರದ ನೆಲಕ್ಕೆ ‘ಗುಡಿಸು’ ಪೂರ್ತಿಯಾಗಿ ಒಪ್ಪಿಗೆ. ದಿನವೂ ಮಾಡಬೇಕು ಕೂಡ, ಏಕೆಂದರೆ ಮೆರುಗನ್ನು ಉಜ್ಜಿ ಕೆಡಿಸುವುದು ಕಾಲಿಗಂಟಿ ಬಂದ ಮರಳ ಕಣ. ‘ಸಾರಿಸು’, ‘ತೊಳೆ’ ಎರಡನ್ನೂ ಮರೆತುಬಿಡಬೇಕು. ‘ಒರೆಸು’ ಷರತ್ತಿನ ಮೇಲೆ: ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು, ಒರೆಸಿದ ಪಸೆ ಒಂದು ನಿಮಿಷದೊಳಗೆ ಆರಿಹೋಗಬೇಕು. ಫಿನಾಯಿಲು, ಸೋಪಿನ ನೀರು, ವಿನಿಗರ್, ಬಿಸಿ ಹಬೆಯ ಯಂತ್ರ ಯಾವುದೂ ಸಲ್ಲದು. ಕುರ್ಚಿ ಮಂಚಗಳ ಕಾಲಿಗೆ ಉಣ್ಣೆಬಟ್ಟೆಯ ಬಿಲ್ಲೆ. ರಬ್ಬರ್ ಬೆನ್ನಿನ ಕಾಲೊರಸು ಮೆರುಗಿಗೆ ಕಲೆ ಕಟ್ಟಿಸುತ್ತದೆ, ಹತ್ತಿಯದು ಸಾಕು. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಇದನ್ನೆಲ್ಲ ಹೇಳಿದಾಗ ನನಗೇನೋ ಆಗಿದೆಯೆಂಬಂತೆ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿಯೂ ಅವಳ ಕಡೆಗೇ ಇದ್ದಳು.

ಆದರೆ ನೆಲ ಕೆಡಿಸಿದ್ದು ಅವರಿಬ್ಬರೂ ಅಲ್ಲ, ನಾನು. ಎರಡನೆಯ ವರ್ಷದ ಜುಲೈಯಲ್ಲಿ ಬೆಂಗಳೂರಿಗೆ ಮೊಮ್ಮಗನನ್ನು ನೋಡಲು ಹೊರಟಾಗ ಪಡುವಣ ಕಿಟಕಿಯ ಚಿಲಕ ಹಾಕಿದ್ದೇನೆಂದು ನಂಬಿದ್ದೆ. ಹಾಕಿರಲಿಲ್ಲ. ಐದು ದಿನ ಬಿಟ್ಟು ಬಂದರೆ ಕಿಟಕಿಯಡಿ ನೀರು ನಿಂತಿತ್ತು, ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಿ ಬಾಳೆಯ ದೊನ್ನೆಯಂತಾಗಿದ್ದವು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು. ಒಡನೆ ಉಜ್ಜಿಸಿ ಮಟ್ಟ ಮಾಡೋಣವೆಂದು ಹೊರಟವನನ್ನು ತಡೆದವನು ಅದೇ ಬಡಗಿ. ಒದ್ದೆ ಹಲಗೆಯ ಎದ್ದ ಅಂಚನ್ನು ಉಜ್ಜಿ ತೆಗೆದರೆ, ಆರಿದ ಮೇಲೆ ನಡುವೇ ಉಬ್ಬಾಗಿ ಉಳಿಯುತ್ತದೆ. ನೀರು ಹೀರಿ ತೆಗೆದು, ಗೋಡೆಯಂಚಿನ ಪಟ್ಟಿ ಬಿಚ್ಚಿ, ಪಂಕ ಹಾಕಿ ಕಾದೆವು. ಮಹಾನವಮಿಯ ಹೊತ್ತಿಗೆ ಬಹುಪಾಲು ಹಲಗೆಗಳು ಮಟ್ಟಕ್ಕೆ ಬಂದವು. ಎರಡರಲ್ಲಿ ಮಾತ್ರ ಮೇಲ್ಹೊದಿಕೆ ಬಿಟ್ಟುಕೊಂಡಿತ್ತು. ಕೊಳ್ಳುವಾಗ ಒಂದು ಪೆಟ್ಟಿಗೆ ಹೆಚ್ಚಿಗೆ ತಂದಿದ್ದೆ, ಎಲ್ಲರೂ ತರಬೇಕು. ಅದರಿಂದ ಎರಡನ್ನು ತೆಗೆದು ಗೋಡೆಯ ಕಡೆಯಿಂದ ಬಿಚ್ಚುತ್ತ ಬಂದು ಕೂರಿಸಿದೆವು. ಎರಡು ವರ್ಷ ಬಿಸಿಲು ಕಂಡ ಹಲಗೆಗಳ ನಡುವೆ ಅವು ಇಂದಿಗೂ ಬಣ್ಣ ಬೇರೆಯಾಗಿ ಕಾಣುತ್ತವೆ.

ಹೀಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಅವರ ಊರು ಕೇಳುತ್ತೇನೆ. ಇಂಥ ನೆಲಕ್ಕೆ ಕೋಣೆಯ ಆರ್ದ್ರತೆ ಶೇಕಡ ೩೫ರಿಂದ ೬೫ರ ನಡುವೆ ಇದ್ದರೆ ಕ್ಷೇಮ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯಲ್ಲಿದ್ದವರಿಗೆ ಬೇಡವೆನ್ನುತ್ತೇನೆ. ಬೆಂಗಳೂರು, ಮೈಸೂರು, ಧಾರವಾಡಗಳವರಿಗೆ ಧೈರ್ಯವಾಗಿ ಹೇಳುತ್ತೇನೆ, ಆದರೆ ಅಡಿಗೆಮನೆಗೂ ಬಚ್ಚಲಿಗೂ ದೇವರ ಕೋಣೆಗೂ ಬೇಡ. ನಮ್ಮ ಕೋಣೆಯಲ್ಲಿ ಈಗ ಆರ್ದ್ರತೆ ತೋರಿಸುವ ಒಂದು ಪುಟ್ಟ ಮಾಪಕವಿದೆ. ಮಳೆಗಾಲದಲ್ಲಿ ಅದು ಗೆರೆ ಮೀರುತ್ತದೆ. ಆಗ ಪಡುವಣ ಕಿಟಕಿ ಮುಚ್ಚಿ ಪಂಕ ಹಾಕುತ್ತೇವೆ, ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಹರವುವುದಿಲ್ಲ.

ನನ್ನ ಹೆಂಡತಿ ಹಬ್ಬದ ಬೆಳಗು ಇಂದಿಗೂ ಜಗಲಿಯಿಂದ ಹಿಡಿದು ನಡುಮನೆಯವರೆಗೆ ಕೊಡಗಟ್ಟಲೆ ನೀರು ಸುರಿಸಿ ತೊಳೆಸುತ್ತಾಳೆ. ಮಲಗುವ ಕೋಣೆಯ ಹೊಸ್ತಿಲಿಗೆ ಬಂದಾಗ ಕೊಡವನ್ನು ಅಲ್ಲೇ ಇಡಿಸಿ, ಬಟ್ಟೆಯನ್ನು ತಾನೇ ಎರಡು ಸಲ ಹಿಂಡಿ, ಇನ್ನೂ ಒಂದು ಹನಿ ಬೀಳುವುದೇ ಎಂದು ಎತ್ತಿ ಹಿಡಿದು ನೋಡಿ, ಆಮೇಲೆ ಬರಿಗಾಲಲ್ಲಿ ಒಳಗೆ ಕಾಲಿಡುತ್ತಾಳೆ.